ಉಳಿದ ಹನ್ನೊಂದು ಕೊಕ್ಕೆ ಮಿಠಾಯಿ

"ಉಪದೇಶಿ ತಾತ, ಈ ಕೊಕ್ಕೆ ಮಿಠಾಯಿಗೆ ನಾವು ಹೇಳುವ ಅರ್ಥ ಮೊದಲಿನಿಂದ ಇತ್ತೋ, ಯಾರೋ ಆಮೇಲೆ ಸೇರಿಸಿದ್ದೋ?" ಎಂದು ಲೂರ್ದಮ್ಮ ಕೇಳಿದಳು.

ಕ್ರಿಸ್ಮಸ್‌ಗೆ ಮೂರು ದಿನ ಉಳಿದಿತ್ತು. ಚರ್ಚಿನ ಮಕ್ಕಳಿಗೆ ಆ ಮಿಠಾಯಿ ಹಂಚಿ, ಬಾಗಿದ ತುದಿ ಒಳ್ಳೆಯ ಕುರುಬನ ಕೋಲು, ಬಿಳುಪು ಪಾಪವಿಲ್ಲದ ಹುಟ್ಟು, ಕೆಂಪು ಪಟ್ಟೆ ಪ್ರಭುವಿನ ರಕ್ತ ಎಂದು ಅವಳು ಹೇಳಿಕೊಡಬೇಕಿತ್ತು. ಪಟ್ಟಣದಲ್ಲಿ ಓದಿದ ಅವಳ ಅಣ್ಣ, ಅದು ಮಕ್ಕಳ ಬಾಯಿ ಮುಚ್ಚಿಸಲು ಮಾಡಿದ ಸಕ್ಕರೆ, ಮಿಕ್ಕಿದ್ದೆಲ್ಲ ಕತೆ ಎಂದು ನಕ್ಕಿದ್ದ. ಸುಳ್ಳನ್ನು ಹೇಗೆ ಕಲಿಸುವುದು ಎಂದು ಅವಳು ಉಪದೇಶಿಗಳ ಬಳಿ ಬಂದಿದ್ದಳು.

ಉಪದೇಶಿ ಇನ್ನಾಸಪ್ಪನವರು ಮೀಸೆ ತೀಡಿದರು. "ಕತೆ ಸೇರಿಸುವುದರಲ್ಲಿ ನನ್ನ ಸಮ ಈ ಸೀಮೆಯಲ್ಲಿಲ್ಲ, ಮಗಳೇ. ಮೂವರು ಜ್ಞಾನಿಗಳು ದಾರಿ ತಪ್ಪಿದಾಗ ಬೆತ್ಲೆಹೇಮಿನ ತಿರುವು ತೋರಿಸಿದ್ದು ನಮ್ಮ ಮುತ್ತಜ್ಜನೇ ಎಂದು ಒಬ್ಬ ಬಿಷಪ್ಪರನ್ನೇ ನಂಬಿಸಿದವನು ನಾನು. ಕೂತುಕೋ. ಊರು ಯಾವುದು, ಕಾಲ ಯಾವುದು ಎಂದು ಮಾತ್ರ ಕೇಳಬೇಡ" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಮಿಠಾಯಿಗಾರನಿದ್ದ. ಅವನದೂ ಬಡಾಯಿಯ ಬಾಯಿಯೇ. ತಾನು ಪಾಕ ಎಳೆಯಲು ನಿಂತರೆ ಜೇನುಹುಳುಗಳು ಗೂಡು ಬಿಟ್ಟು ಬಂದು ಕೆಲಸ ಕಲಿಯುತ್ತವೆ ಎನ್ನುತ್ತಿದ್ದ. ಕ್ರಿಸ್ಮಸ್ ಬೆಳಿಗ್ಗೆಯ ಪೂಜೆ ಉದ್ದ; ಮಕ್ಕಳ ಗಲಾಟೆ ಅದಕ್ಕಿಂತ ಉದ್ದ. ಬೇಸತ್ತ ಪಾದ್ರಿ ಅವನ ಹತ್ತಿರ ಬಂದು ಏನಾದರೂ ಸಿಹಿ ಮಾಡಿಕೊಡು ಎಂದರು. ಅವನು ಪಾಕವನ್ನು ಗೂಟಕ್ಕೆ ಹಾಕಿ ಬೆಳ್ಳಗಾಗುವವರೆಗೆ ಎಳೆದ. ಕೋಲು ಹೊಸೆದ. ಬಿಸಿ ಆರುವ ಮೊದಲು ತುದಿ ಬಗ್ಗಿಸಿದ, ಕ್ರಿಸ್ಮಸ್ ಗೋದಲಿಯಲ್ಲಿ ಇಡುವ ಕುರುಬನ ಬೊಂಬೆಯ ಕೈಯಲ್ಲಿರುವ ಕೋಲಿನಂತೆ. ಮರಿ ಹಳ್ಳಕ್ಕೆ ಜಾರಿದರೆ ಕುರುಬ ಆ ಕೊಕ್ಕೆಯಿಂದಲೇ ಎಳೆದುಕೊಳ್ಳುತ್ತಾನೆ. "ನನ್ನ ಕೊಕ್ಕೆ ಹಿಡಿದ ಮರಿ ಎಲ್ಲಿಗೂ ಜಾರದು" ಎಂದು ಮಿಠಾಯಿಗಾರ ಊರೆಲ್ಲ ಹೇಳಿಕೊಂಡು ತಿರುಗಿದ.

ಅಂದಿನಿಂದ ವರ್ಷವರ್ಷವೂ ನಲವತ್ತು ಮಕ್ಕಳಿಗೆ ನಲವತ್ತು ಕೊಕ್ಕೆ. ಮೊದಲನೆಯದು ಯಾವಾಗಲೂ ಅವನ ಮಗಳಿಗೆ.

ಒಂದು ವರ್ಷ ಊರಿಗೆ ಗಂಟಲಮಾರಿ ಬಂತು. ಮಕ್ಕಳನ್ನೇ ಆರಿಸಿಕೊಂಡಿತು. ಅವನ ಮಗಳನ್ನೂ ಬಿಡಲಿಲ್ಲ.

ಕ್ರಿಸ್ಮಸ್ ಹತ್ತಿರವಾದಾಗ ಅವನು ಒಲೆ ಹೊತ್ತಿಸಿದ. ಮೊದಲನೆಯ ಕೊಕ್ಕೆ ಬಗ್ಗಿಸಿ, ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿದ. ತೆಗೆದುಕೊಳ್ಳುವ ಕೈ ಬರಲಿಲ್ಲ. ಮತ್ತೆ ಪಾಕ ಎಳೆದ. ಕೈ ತನ್ನ ಪಾಡಿಗೆ ನಲವತ್ತು ಮಾಡಿತು.

ಪೂಜೆಯಲ್ಲಿ ಹಂಚಿದ. ಮಕ್ಕಳ ಸಾಲು ಮುಗಿಯಿತು, ತಟ್ಟೆ ಮುಗಿಯಲಿಲ್ಲ. ಹನ್ನೊಂದು ಉಳಿದವು. ಆ ದಿನ ಯಾರ ಬಾಯನ್ನೂ ಮುಚ್ಚಿಸಬೇಕಾಗಿರಲಿಲ್ಲ.

ತಟ್ಟೆಯನ್ನು ಶಾಲಿನಡಿ ಅಡಗಿಸಿಕೊಂಡು ಅವನು ಹೊರಬಿದ್ದ. ಬಾಗಿಲಲ್ಲಿ ಒಬ್ಬ ತಾಯಿ ನಿಂತಿದ್ದಳು.

"ನನ್ನ ಮಗನದು ಕೊಡಣ್ಣ" ಎಂದಳು.

"ಕೈತಪ್ಪಿ ಮಾಡಿಬಿಟ್ಟೆ, ತಂಗಿ. ಎಣಿಕೆ ಮರೆತೆ."

"ನೀನೊಬ್ಬನಾದರೂ ಅವನನ್ನು ಎಣಿಸಿದೆಯಲ್ಲ. ಕೊಡು."

ಅವಳು ಸೀರೆಯ ಅಂಚಿನಿಂದ ಒಂದು ಕೆಂಪು ಎಳೆ ಕಿತ್ತು, ಬೇರೆ ಮಕ್ಕಳದರೊಡನೆ ಬೆರೆಯದಿರಲಿ ಎಂದು ಮಿಠಾಯಿಗೆ ಸುತ್ತಿದಳು. ಸಮಾಧಿಯ ಪುಟ್ಟ ಶಿಲುಬೆಗೆ ಅದನ್ನು ತೂಗುಹಾಕಿದಳು. ಅವಳನ್ನು ನೋಡಿ ಇನ್ನುಳಿದ ತಾಯಂದಿರೂ ಬಂದರು, ಹಾಗೆಯೇ ಎಳೆ ಸುತ್ತಿದರು. ಹತ್ತು ಹೋದವು. ಹನ್ನೊಂದನೆಯದನ್ನು ಮಿಠಾಯಿಗಾರ ತಾನೇ ಒಯ್ದ. ಮರಿಯನ್ನು ಎಳೆದುಕೊಳ್ಳಲು ಬಗ್ಗಿಸಿದ ತುದಿ ತೂಗುಹಾಕಲು ಸರಿಯಾಗಿತ್ತು.

ಮರುವರ್ಷ ಅವನು ಮಾಡಿದ ಒಂದೊಂದು ಕೊಕ್ಕೆಗೂ ಕೆಂಪು ಪಟ್ಟೆ ಇತ್ತು. ಯಾವುದು ಉಳಿಯುತ್ತದೋ ಯಾರಿಗೆ ಗೊತ್ತು. ಪಾದ್ರಿ ಕೈಗೆತ್ತಿಕೊಂಡು, ಪ್ರಭುವಿನ ರಕ್ತದ ಗುರುತಲ್ಲವೇ ಎಂದರು. ಊರಿನ ದೊಡ್ಡ ಬಡಾಯಿಗಾರ "ಹೌದು" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದ.

ಇನ್ನಾಸಪ್ಪನವರು ಕತೆ ನಿಲ್ಲಿಸಿದರು. ಮೀಸೆ ಮುಟ್ಟಲಿಲ್ಲ.

"ಹಾಗಾದರೆ ಅಣ್ಣ ಹೇಳಿದ್ದೇ ಸರಿ ತಾತ, ಅರ್ಥ ಆಮೇಲೆ ಬಂದದ್ದು" ಎಂದಳು ಲೂರ್ದಮ್ಮ.

"ಆಮೇಲೆಯೇ, ಮಗಳೇ, ಮಗು ಇರುವ ತನಕ ಸಕ್ಕರೆಗೆ ಅರ್ಥ ಬೇಕಿರಲಿಲ್ಲ."