ಚೌರಪ್ಪ ಮಂಗಟ್ಟೆಯ ಬೇಡಿಕೆ

ಮಕ್ಕಳೇ, ಒಂದು ದಟ್ಟ ಕಾಡಿನಲ್ಲಿ ಚೌರಪ್ಪನೆಂಬ ಮಂಗಟ್ಟೆ ಹಕ್ಕಿ ಇದ್ದ. ಉದ್ದನೆಯ ಬಾಗಿದ ಕೊಕ್ಕು, ಅಗಲವಾದ ರೆಕ್ಕೆ. ಅವನು ಹಾರಿದರೆ ಕೆಳಗಿನ ಮೊಲ ಕೂಡ ತಲೆಯೆತ್ತಿ ನೋಡಬೇಕು! ಅಂಥ ಹಾರಾಟ ಸುತ್ತಮುತ್ತ ಒಬ್ಬಿಬ್ಬರದ್ದು ಮಾತ್ರ ಇತ್ತು, ಸುಳ್ಳು ಹೇಳಬಾರದು.

ಆ ಕಾಡಿನ ಹಕ್ಕಿಗಳಿಗೆ ಭಕ್ತಿ ಹೆಚ್ಚು. ಬೆಳಗಾದರೆ ದೊಡ್ಡ ಅತ್ತಿಮರದಲ್ಲಿ ಸೇರಿ ಯೇಸುಸ್ವಾಮಿಯನ್ನು ನೆನೆಯುತ್ತಿದ್ದವು. ಚೌರಪ್ಪನೂ ತಪ್ಪದೆ ಬರುತ್ತಿದ್ದ. ಆದರೆ ಅವನ ಪ್ರಾರ್ಥನೆ ದಿನವೂ ಒಂದೇ:

“ಸ್ವಾಮೀ, ನನ್ನನ್ನು ಮಂಗಟ್ಟೆಗಳ ಮುಂದಾಳು ಮಾಡು. ಯಾರೂ ನನಗೆ ಅಡ್ಡ ಬಾರದ ಹಾಗೆ ನೋಡಿಕೋ. ಆಮೆನ್.”

ಮುದಿ ಕೊಕ್ಕರೆ ಇನ್ನಾಸಪ್ಪ ಒಂದು ದಿನ ಕೇಳಿಯೇಬಿಟ್ಟ. “ಅಲ್ಲಪ್ಪಾ, ದಿನಾ ಸ್ವಾಮಿಗೆ ನೀನೇ ಅಪ್ಪಣೆ ಕೊಡುತ್ತೀಯಲ್ಲ. ಅವರು ನಿನಗೇನಾದರೂ ಹೇಳುವುದಿದ್ದರೆ?”

“ಮೊದಲು ಮುಂದಾಳು ಆಗಿಬಿಡುತ್ತೇನೆ ತಾತ. ಆಮೇಲೆ ಅವರು ಹೇಳಿದ್ದೆಲ್ಲ ಮಾಡೋಣ.”

ತಾತ ನಕ್ಕುಬಿಟ್ಟ.

ಹಣ್ಣಿನ ಕಾಲ ಬಂತು, ಪಂದ್ಯದ ದಿನವೂ ಬಂತು. ಅತ್ತಿಮರದಿಂದ ಹೊರಟು ಬೋಳುಗುಡ್ಡದ ತುದಿ ಮುಟ್ಟಿ ಮೊದಲು ಹಿಂತಿರುಗಿದವನೇ ಮುಂದಾಳು. ಕಳೆದ ಎರಡು ವರ್ಷವೂ ರಾಯಪ್ಪನೆಂಬ ಮಂಗಟ್ಟೆ ಕೂದಲೆಳೆಯಲ್ಲಿ ಗೆದ್ದಿದ್ದ. ಈ ಸಲ ಬಿಟ್ಟರೆ ಉಂಟೇ? ಚೌರಪ್ಪ ರೆಕ್ಕೆ ಬಡಿದು ಮುಂದೆ ನುಗ್ಗಿದ.

ದಾರಿಯಲ್ಲಿ ಒಂದು ಹಳೆಯ ಮರದ ಪೊಟರೆಯಿಂದ ‘ಟಕ್ ಟಕ್’ ಎಂದು ಸದ್ದು ಕೇಳಿಸಿತು. ‘ಯಾರೋ ಕಷ್ಟದಲ್ಲಿದ್ದಾರೆ. ಹಿಂದೆ ಬರುವವರು ನೋಡಿಕೊಳ್ಳುತ್ತಾರೆ’ ಎಂದುಕೊಂಡು ಹಾರಿಯೇ ಹೋದ. ಅಯ್ಯೋ, ಹಿಂದೆ ಬರುವವರೂ ಹಾಗೆಯೇ ಅಂದುಕೊಂಡರು!

ಮಂಗಟ್ಟೆಗಳ ಮನೆಯ ಪದ್ಧತಿ ನಿಮಗೆ ಗೊತ್ತೇ? ಮೊಟ್ಟೆಯಿಡುವ ತಾಯಿ ಪೊಟರೆಯೊಳಗೆ ಹೊಕ್ಕು ಬಾಗಿಲಿಗೆ ಗೋಡೆ ಮೆತ್ತಿಕೊಳ್ಳುತ್ತಾಳೆ. ಕೊಕ್ಕು ಚಾಚುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗಿರುವಾಗ ಅವಳ ರೆಕ್ಕೆಯ ಗರಿಗಳು ಉದುರಿಹೋಗುತ್ತವೆ, ಹಾರಲಾರಳು. ಗಂಡ ಹಣ್ಣು ತಂದು ಆ ಸೀಳಿನಲ್ಲಿ ಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ.

ಚೌರಪ್ಪ ಗುಡ್ಡ ಮುಟ್ಟಿ ಹಿಂತಿರುಗಿದ. ರಾಯಪ್ಪ ಹಿಂದೆ ಬಿದ್ದಿದ್ದ. ಇನ್ನೊಂದು ತೋಪು ದಾಟಿದರೆ ಗೆದ್ದಂತೆಯೇ! ಆಗ ಮತ್ತೆ ಆ ಸದ್ದು. ಈ ಸಲ ತೀರಾ ಮೆಲ್ಲಗೆ.

“ಸ್ವಾಮೀ, ಯಾರೂ ನನಗೆ ಅಡ್ಡ ಬಾರದ ಹಾಗೆ...” ಎಂದು ಶುರು ಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಅಡ್ಡ ಬಂದವರು ಸ್ವಾಮಿಯೇ ಆಗಿದ್ದರೆ?

“ಸ್ವಾಮೀ, ನನ್ನಿಂದ ನಿಮಗೇನಾಗಬೇಕು?” ಹುಟ್ಟಿದ ಮೇಲೆ ಮೊದಲ ಸಲ ಹೀಗೆ ಕೇಳಿದ.

‘ಟಕ್’ ಎಂದಿತು ಪೊಟರೆ.

ಚೌರಪ್ಪ ತಿರುಗಿದ. ಪಕ್ಕದಲ್ಲೇ ಹಾರಿಹೋಗುತ್ತ ರಾಯಪ್ಪ ಕೂಗಿದ, “ಲೋ, ತಲೆಗಿಲೆ ಕೆಟ್ಟಿದೆಯೇನೋ? ಕೈಗೆ ಬಂದ ತುತ್ತು ಬಿಡುತ್ತಿದ್ದೀಯಲ್ಲೋ!”

ಪೊಟರೆಯ ಸೀಳಿನಲ್ಲಿ ಅರುಳಮ್ಮನೆಂಬ ತಾಯಿ ಮಂಗಟ್ಟೆಯ ಕೊಕ್ಕು ಕಂಡಿತು.

“ಏನಮ್ಮಾ ಇದು? ಯಜಮಾನರೆಲ್ಲಿ?”

“ಹೋಗಿ ನಾಲ್ಕು ದಿನವಾಯಿತಪ್ಪಾ, ಬರಲೇ ಇಲ್ಲ. ಹದ್ದಿನ ಬಾಯಿಗೆ ಬಿದ್ದರೋ ಏನೋ. ಗೋಡೆ ಒಡೆದು ಬರೋಣವೆಂದರೆ ರೆಕ್ಕೆಯಲ್ಲಿ ಗರಿಯಿಲ್ಲ. ಎರಡು ಮರಿಗಳಿವೆ. ನಿನ್ನೆಯಿಂದ ಅಳುವುದನ್ನೂ ಬಿಟ್ಟಿವೆ.”

ಚೌರಪ್ಪನ ಕಣ್ಣು ತುಂಬಿತು. “ಹೋಗುವಾಗಲೇ ಸದ್ದು ಕೇಳಿಸಿತ್ತಮ್ಮಾ. ಕೇಳಿಯೂ ಹೋದೆ. ಕ್ಷಮಿಸಿಬಿಡಿ. ಇಗೋ ಬಂದೆ!”

ಹಣ್ಣಿದ್ದದ್ದು ಅದೇ ಅತ್ತಿಮರದಲ್ಲಿ. ಅಲ್ಲಿ ರಾಯಪ್ಪನಿಗೆ ಜೈಕಾರ ನಡೆದಿತ್ತು. ಚೌರಪ್ಪ ನಡುವೆ ನುಗ್ಗಿ ಗಬಗಬನೆ ಹಣ್ಣು ಕಿತ್ತ.

“ನೋಡ್ರೋ, ಸೋತವನಿಗೇ ಹಸಿವು ಜಾಸ್ತಿ!” ಎಂದು ಹಕ್ಕಿಗಳೆಲ್ಲ ನಕ್ಕವು. ಅವನು ಉತ್ತರ ಕೊಡಲಿಲ್ಲ. ಕೊಡುವುದು ಹೇಗೆ? ಗಂಟಲ ತುಂಬ ಹಣ್ಣಿತ್ತು.

ಅವತ್ತು ಆರು ಸಲ ಹೋಗಿ ಬಂದ. ಐದನೆಯ ಸಲ ಒಳಗಿನಿಂದ ‘ಕೀಂ’ ಎಂದು ಸಣ್ಣ ದನಿ ಬಂತು. ಆ ದನಿ ಕೇಳಿ ಚೌರಪ್ಪ ಕೊಂಬೆಯ ಮೇಲೆ ಕುಣಿದೇಬಿಟ್ಟ!

ಮರುದಿನವೂ ಹೋದ, ಅದರ ಮರುದಿನವೂ ಹೋದ. ಗಾಳಿ ಬೀಸಿದರೂ ಮಳೆ ಹೊಡೆದರೂ ಬಿಡಲಿಲ್ಲ. ರೆಕ್ಕೆ ನೋಯುತ್ತಿತ್ತು, ತೂಕ ಇಳಿದಿತ್ತು. ಸುದ್ದಿ ತಿಳಿದ ಮೇಲೆ, ಅವತ್ತು ನಕ್ಕಿದ್ದ ಹಕ್ಕಿಗಳು ತಲೆ ತಗ್ಗಿಸಿದವು. ನಾನಂತೂ ಅಂಥ ಹಕ್ಕಿಗೆ ಕೈಯೆತ್ತಿ ಮುಗಿಯುತ್ತೇನೆ, ಮಕ್ಕಳೇ.

“ಸೋತದ್ದಕ್ಕೆ ಬೇಜಾರಿಲ್ಲವೇನಪ್ಪಾ?” ಎಂದು ಇನ್ನಾಸಪ್ಪ ಕೇಳಿದ.

“ಮೊದಲೆರಡು ದಿನ ಇತ್ತು ತಾತ. ಆಮೇಲೆ ಅದಕ್ಕೆ ಪುರುಸೊತ್ತೇ ಸಿಗಲಿಲ್ಲ.”

ಒಂದು ಬೆಳಿಗ್ಗೆ ಗೋಡೆ ಒಡೆಯಿತು. ಹೊಸ ಗರಿ ತೊಟ್ಟ ಅರುಳಮ್ಮ ಹೊರಬಂದಳು. ಹಿಂದೆಯೇ ಎರಡು ಮರಿಗಳೂ ಹೊರಗೆ ಇಣುಕಿದವು. ಅವುಗಳಲ್ಲಿ ಒಂದು ಜೀವನದಲ್ಲಿ ಮೊದಲ ಸಲ ರೆಕ್ಕೆ ಬಡಿದು, ತಡವರಿಸುತ್ತ ನೇರ ಚೌರಪ್ಪನ ಪಕ್ಕಕ್ಕೇ ಹಾರಿ ಬಂದು ಕುಳಿತು, ‘ಆ’ ಎಂದು ಬಾಯಿ ತೆರೆಯಿತು.

ಚೌರಪ್ಪ ನಗುತ್ತ ಅತ್ತುಬಿಟ್ಟ.

“ಸ್ವಾಮೀ, ನೀವು ಇದನ್ನು ಕೊಡಬೇಕೆಂದಿದ್ದಿರಿ. ನಾನು ಎಷ್ಟು ಸಣ್ಣದನ್ನು ಬೇಡುತ್ತಿದ್ದೆ!”

ನೀತಿ: ನಮ್ಮ ಆಸೆಯನ್ನು ನಡೆಸಿಕೊಡೆಂದು ದೇವರನ್ನು ಬೇಡುವುದಕ್ಕಿಂತ, ದೇವರ ಉದ್ದೇಶವೇನೆಂದು ವಿಚಾರಿಸಿ ಅದಕ್ಕೆ ನಮ್ಮನ್ನು ಒಪ್ಪಿಸಿಕೊಡುವುದೇ ಮೇಲು.