ನಿಂತಲ್ಲೇ ಸವೆದ ಕ್ಲಚ್

ಮತ್ತೆ ಕ್ಲಚ್ ಸುಟ್ಟಿತ್ತು.

ಸಿದ್ರಾಮ ಕಾರನ್ನು ಎತ್ತಿಕೊಂಡು ಹೊಳೆದಂಡೆಗೆ ಬಂದ. ಮೊಳದುದ್ದದ ಪುಟ್ಟ ರೇಸ್ ಕಾರು. ನೈಟ್ರೋ ಇಂಧನ ಕುಡಿದು ರಿಮೋಟಿನ ಮಾತು ಕೇಳುವಂಥದ್ದು.

ದಂಡೆಯ ಮೇಲೆ ಮಣ್ಣಿನ ಟ್ರ್ಯಾಕ್. ಪಕ್ಕದ ಹೊಂಗೆಯ ನೆರಳಲ್ಲಿ ಗುರು ಚನ್ನೋಜಿ ಕೂತಿದ್ದರು. ಓಡಿಸುವುದು, ಬಿಚ್ಚುವುದು, ಎರಡನ್ನೂ ಅವನಿಗೆ ಕಲಿಸಿದವರು.

"ಸ್ಪ್ರಿಂಗ್ ಬದಲಾಯಿಸಿದೆ. ಬೇರಿಂಗ್ ಬದಲಾಯಿಸಿದೆ. ಗೇರು ಬಿಗಿ ಇದೆಯೇನೋ ಅಂತ ಹಲ್ಲಿನ ನಡುವೆ ಕಾಗದ ಇಟ್ಟೂ ನೋಡಿದೆ. ಆದರೂ ಸುಡ್ತದೆ."

"ಕೂತ್ಕೋ."

ಅವನು ಕೂರಲಿಲ್ಲ.

"ಕ್ಲಚ್ಚಿನೊಳಗೆ ಉಜ್ಜೋ ಶೂ ಇದೇ ಕೊನೇದು ಗುರುಗಳೇ. ಈ ಮಾದರಿ ಈಗ ಬರೋದಿಲ್ವಂತೆ. ಇವತ್ತಿನ ರೇಸಲ್ಲಿ ಇದೂ ಹೋದ್ರೆ ಕಾರು ಅಟ್ಟಕ್ಕೆ."

"ಕಾರು ಅಟ್ಟಕ್ಕೆ. ನೀನು ಎಲ್ಲಿಗೆ?"

ಸಿದ್ರಾಮನ ಬೆರಳು ರಿಮೋಟಿನ ಮೇಲೆ ಕುಣಿಯುತ್ತಿತ್ತು.

ಗುರು ಶೂ ಸುತ್ತ ಕೂರುವ ಕ್ಲಚ್ಚಿನ ಬಟ್ಟಲು ಬಿಚ್ಚಿದರು. ಕಾದು ಕಾದು ನೀಲಿಯಾಗಿತ್ತು. ಮೂಸಿ ನೋಡಿದರು.

"ಒಗ್ಗರಣೆ ಸೀದಿದೆ."

ಹೊಸ ಶೂ ಕೂರಿಸಿದರು. "ಹಚ್ಚು."

ಎಂಜಿನ್ ಅರಚಿತು. ಗುರು ಕಾರನ್ನು ನೆಲದಿಂದ ಎತ್ತಿ ಹಿಡಿದರು. ಗಾಳಿಯಲ್ಲಿ ಚಕ್ರ ತಿರುಗುತ್ತಲೇ ಇತ್ತು.

"ಯಾರು ಓಡಿಸ್ತಿದಾರೆ?"

"ಯಾರೂ ಇಲ್ಲ. ಸುಮ್ನೆ ಆನ್ ಇದೆ."

"ಸುಮ್ನಿದ್ರೆ ಚಕ್ರ ನಿಲ್ಲಬೇಕು. ಎಂಜಿನ್ ಮೆಲ್ಲಗಾದ್ರೆ ಸ್ಪ್ರಿಂಗು ಶೂನ ಒಳಕ್ಕೆ ಎಳೀತದೆ. ಶೂ ಬಟ್ಟಲನ್ನ ಬಿಡ್ತದೆ. ಇದು ಬಿಡ್ತಾನೇ ಇಲ್ಲ. ಶುರುವಿನ ಗೆರೆ ಹತ್ರ ಹೆಂಗೆ ನಿಲ್ಲಿಸ್ತೀಯ?"

"ಬ್ರೇಕ್ ಹಿಡಿದು."

"ಒಂದು ಕೈಲಿ ನೂಕೋದು, ಇನ್ನೊಂದು ಕೈಲಿ ಹಿಡಿಯೋದು. ಇದು ಓಡಿ ಸವೆದದ್ದಲ್ಲಪ್ಪ. ನಿಂತು ಸವೆದದ್ದು."

ಸುಮ್ಮನಿರುವಾಗಿನ ವೇಗ ಏರಿಸಿ ಇಳಿಸುವ ಐಡಲ್ ಸ್ಕ್ರೂಗೆ ಗುರು ಕೈ ಹಾಕಿದರು. ಸಿದ್ರಾಮ ಅವರ ಕೈ ಹಿಡಿದ.

"ಬೇಡ. ಇಳಿಸಿದ್ರೆ ಆಫ್ ಆಗ್ತದೆ."

"ನಾನೇ ಇಳಿಸಿ ಕೊಟ್ಟಿದ್ದೆನಲ್ಲ. ಯಾವಾಗ ಏರಿಸಿದೆ?"

ಅವನು ಹೊಳೆ ಕಡೆ ನೋಡಿದ.

"ಕಾರ್ತಿಕದಲ್ಲಿ."

ಕಾರ್ತಿಕದಲ್ಲಿ ಅವನ ಹೆಂಡತಿ ನೀಲವ್ವ ತೀರಿಕೊಂಡಿದ್ದಳು.

ರೇಸಿನ ದಿನ ಅವನು ಅಟ್ಟಣಿಗೆಯ ಮೇಲೆ ನಿಂತು ಓಡಿಸುವನು. ಅವಳು ಕೆಳಗೆ ಇಂಧನದ ಬಾಟಲಿ ಹಿಡಿದು ನಿಲ್ಲುವಳು. ಕಾರು ಎಲ್ಲೇ ಆಫ್ ಆಗಲಿ, ಸೆರಗು ಸಿಕ್ಕಿಸಿ ಓಡುವಳು. ಬೈಯುತ್ತಲೇ ಎತ್ತಿ ತಂದು ಹಚ್ಚುವಳು.

"ಓಡಿಸೋನು ಮೇಲಿಂದ ಇಳಿಯೋ ಹಂಗಿಲ್ಲ," ಅಂದ ಸಿದ್ರಾಮ. "ಕೆಳಗೆ ಯಾರೂ ಇಲ್ಲ. ಅದಕ್ಕೇ ಆಫ್ ಆಗದ ಹಂಗೆ ಇಟ್ಟಿದೀನಿ."

"ಮನೇಲೂ ಹಂಗೇ ಹಚ್ಚಿಟ್ಟಿರ್ತೀಯಂತೆ."

"ಆ ಸದ್ದು ನಿಂತ್ರೆ ನಂಗೆ ಆಗಲ್ಲ ಗುರುಗಳೇ."

ಗುರು ಅವನ ಕೈ ಬಿಡಿಸಿ ಸ್ಕ್ರೂ ತಿರುಗಿಸಿದರು. ಅರಚಾಟ ಇಳಿಯಿತು. ಎಂಜಿನ್ ಗುಟುಗುಟು ಅನ್ನುತ್ತಿತ್ತು. ಚಕ್ರ ನಿಂತಿತು.

"ಈಗ ಶೂ ಉಳೀತದೆ. ನಡುವೆ ಆಫ್ ಆದ್ರೂ ಆಗಬಹುದು."

"ಆದ್ರೆ?"

ಮೈಕಿನಲ್ಲಿ ಅವನ ಹೆಸರು ಕೂಗಿದರು. ಗುರು ಮೊಣಕಾಲು ಹಿಡಿದು ಎದ್ದರು. ಬಾಟಲಿ ತಗೊಂಡರು. ಪಂಚೆ ಎತ್ತಿ ಸಿಕ್ಕಿಸಿದರು.

"ಹತ್ತು ಮೇಲೆ."

ರೇಸು ಶುರುವಾಯಿತು. ಕಾರು ಚೆನ್ನಾಗಿ ಓಡಿತು. ಗೆರೆ ದಾಟಿತು, ದಿಬ್ಬ ಹಾರಿತು. ಆಚೆ ತಿರುವಿನಲ್ಲಿ ಆಫ್ ಆಯಿತು.

ಉಳಿದ ಕಾರುಗಳ ಸದ್ದಿತ್ತು. ತನ್ನದಿರಲಿಲ್ಲ. ಸಿದ್ರಾಮ ಇಳಿಯಲು ತಿರುಗಿದ. ಒಂದು ಕಾಲು ಏಣಿಗೆ ಇಟ್ಟ.

ಕೆಳಗೆ ಗುರು ಟ್ರ್ಯಾಕಿನ ಅಂಚಲ್ಲಿ ಕುಂಟುತ್ತಾ ಹೋಗುತ್ತಿದ್ದರು. ಯಾರೋ ನಕ್ಕರು. ಗುರು ತಿರುವು ಮುಟ್ಟಿದರು. ಬಗ್ಗಿದರು. ಕಾರನ್ನು ಎತ್ತಿ ಮೂಸಿದರು.

ಆಮೇಲೆ ತಲೆಯೆತ್ತಿ ಕೂಗಿ ಹೇಳಿದರು.

"ಕ್ಲಚ್ ಸೀದಿಲ್ಲ. ನಾನು ಅವಳಷ್ಟು ಬೇಗ ಬರೋನಲ್ಲ. ತಂದು ಹಚ್ಚೋತನಕ ಸದ್ದಿಲ್ದೆ ನಿಂತಿರು."