ಬಾರದೇ ಹೋದ ಚೆಂಡು

"ಬುದ್ಧಿ, ಕೆಲಸಕ್ಕೆ ಬಾರದವನನ್ನು ಕೈಬಿಡುವುದು ತಪ್ಪೇ?"

ಕೇಳಿದವನು ಚನ್ನವೀರ. ಮಠದ ದಾಸೋಹದ ಉಸ್ತುವಾರಿ ಅವನದು. ದಿನಕ್ಕೆ ಆರುನೂರು ಮಕ್ಕಳು ಉಣ್ಣುವ ಮನೆ ಅದು. ಮ್ಯಾನೇಜ್‌ಮೆಂಟ್ ಓದಿ, ಎರಡು ವರ್ಷ ಪಟ್ಟಣದಲ್ಲಿ ದುಡಿದು, ಅಲ್ಲಿ ಯಾರೂ ತನ್ನ ಮಾತು ಕೇಳುವುದಿಲ್ಲವೆಂದು ಮನಸ್ಸು ಕೆಡಿಸಿಕೊಂಡು ಮಠಕ್ಕೆ ಬಂದವನು. ಇಲ್ಲಿ ಕೇಳುತ್ತಿದ್ದರು. ಬಂದ ಮೂರು ವರ್ಷದಲ್ಲಿ ಅವನು ಪಂಕ್ತಿಯ ದಿಕ್ಕನ್ನು ನಾಲ್ಕು ಸಲ ಬದಲಿಸಿದ್ದ. ತಟ್ಟೆ ತೊಳೆಯುವ ಜಾಗವನ್ನು ಎರಡು ಸಲ ಬದಲಿಸಿದ್ದ. ಬಡಿಸುವವರು ಪಾಪ, ಅವನು ತೋರಿಸಿದ ಕಡೆಗೆ ತಿರುಗುತ್ತಿದ್ದರು.

ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರಪ್ಪಾ ಅವನು?"

"ಹಾಲಪ್ಪ."

ಚನ್ನವೀರ ಕೈಯಲ್ಲಿದ್ದ ಹಾಳೆಯನ್ನು ಅವರೆಕಾಯಿಯ ಪಕ್ಕದಲ್ಲಿ ಇಟ್ಟ. ಅದರಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಪ್ರತಿ ಹೆಸರಿನ ಮುಂದೆ ವೇಗಕ್ಕೆ, ಬಲಕ್ಕೆ, ದಣಿಯದೆ ದುಡಿಯುವುದಕ್ಕೆ ಇಪ್ಪತ್ತಕ್ಕೆ ಇಷ್ಟೆಂದು ಅಂಕ ಬರೆದಿತ್ತು. ಮುದ್ದೆ ಕಟ್ಟುವವನಿಗೆ ಸರಾಸರಿ ಹದಿನೆಂಟು ಬಂದಿತ್ತು. ಸಾರಿನ ಬಕೀಟು ಹೊರುವವನಿಗೆ ಹದಿನೇಳು. ಹಾಲಪ್ಪನ ಹೆಸರು ಕೊನೆಯಲ್ಲಿತ್ತು. ಅವನಿಗೆ ಐದು. ಮಾಡುವ ಕೆಲಸ ಎಂಬ ಕಡೆ 'ತಿರುವಿನಲ್ಲಿ ನಿಲ್ಲುತ್ತಾನೆ' ಎಂದು ಬರೆದಿತ್ತು.

"ವಯಸ್ಸು ಅರವತ್ತೆಂಟು ಬುದ್ಧಿ. ಅನ್ನ ಬಸಿಯುವುದಿಲ್ಲ, ಬಡಿಸುವುದಿಲ್ಲ. ಹೆಗಲಿಗೆ ಟವೆಲು ಹಾಕಿಕೊಂಡು ಅಡುಗೆಮನೆಗೂ ಊಟದ ಸಾಲೆಗೂ ನಡುವಿನ ತಿರುವಿನಲ್ಲಿ ನಿಂತಿರುತ್ತಾನೆ. ಅಲ್ಲಿ ಮಾಡುವುದಕ್ಕೆ ಏನಿದೆ? ಈ ಮೂರು ವರ್ಷದಲ್ಲಿ ಆ ತಿರುವಿನಲ್ಲಿ ಒಂದು ಸಲವೂ ಸಾರು ಚೆಲ್ಲಿಲ್ಲ. ಒಂದು ಮಗುವೂ ಬಿದ್ದಿಲ್ಲ. ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಿಲ್ಲ. ಏನೂ ಆಗದ ಜಾಗಕ್ಕೆ ಒಬ್ಬ ಆಳು ಯಾಕೆ? ನಾಳೆ ಬೆಳಿಗ್ಗೆ ಶಾಖಾಮಠಕ್ಕೆ ಗಾಡಿ ಹೋಗುತ್ತದೆ. ಹತ್ತಿಸಿ ಕಳಿಸಿಬಿಡೋಣ. ತಮ್ಮದೊಂದು ರುಜು ಬೇಕಿತ್ತು."

"ನಲವತ್ತು ವರ್ಷದಿಂದ ಇಲ್ಲೇ ಇದ್ದಾನೆ. ಬೇರೆ ಮನೆ ಕಂಡವನಲ್ಲ."

"ಅದು ಸರಿ ಬುದ್ಧಿ. ಆದರೆ ವ್ಯವಸ್ಥೆ ಅಂದಮೇಲೆ ತಿದ್ದುತ್ತಲೇ ಇರಬೇಕಲ್ಲ."

ಗುರುಗಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಈ ಇಪ್ಪತ್ತರ ಪದ್ಧತಿ ಎಲ್ಲಿ ಕಲಿತೆ?"

"ಹೀಗೇ ಬುದ್ಧಿ. ಒಂದು ಕ್ರಮ, ಅಷ್ಟೇ."

ಎಲ್ಲಿ ಕಲಿತದ್ದೆಂದು ಅವನು ಹೇಳಲಿಲ್ಲ. ದಿನಾ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಮಠದ ಕಚೇರಿಯ ಬಾಗಿಲು ಮುಂದೆ ಮಾಡಿಕೊಂಡು, ಅಲ್ಲಿನ ಕಂಪ್ಯೂಟರಿನಲ್ಲಿ ಅವನು ಒಂದು ಫುಟ್‌ಬಾಲ್ ತಂಡವನ್ನು ನಡೆಸುತ್ತಿದ್ದ. ಆ ಆಟದಲ್ಲಿ ಎಲ್ಲ ಆಟಗಾರರ ಎಲ್ಲ ಗುಣಗಳಿಗೂ ಇಪ್ಪತ್ತಕ್ಕೆ ಇಷ್ಟೆಂದು ಅಂಕ ಇರುತ್ತದೆ. ಇದು ಮಠದಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವನು ತಿಳಿದಿದ್ದ.

ಗುರುಗಳು ಹಾಳೆ ಕೆಳಗಿಟ್ಟರು. ಮತ್ತೆ ಒಂದು ಕಾಯಿ ತೆಗೆದುಕೊಂಡರು.

"ಕಂಪ್ಯೂಟರಿನಲ್ಲಿ ಫುಟ್‌ಬಾಲಿನ ಒಂದು ಆಟ ಇದೆಯಂತೆ" ಎಂದರು.

ಚನ್ನವೀರನ ಕಿವಿ ಬಿಸಿಯಾಯಿತು.

"ಭಕ್ತರು ಬರುತ್ತಾರೆ, ಎಲ್ಲ ಹೇಳಿಕೊಳ್ಳುತ್ತಾರೆ. ಹಾಗೆ ತಿಳಿದದ್ದು. ಕೇಳು" ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಳಗೆ ದೀಪದ ಕೆಳಗೆ ಅವನು ಕೂತು ಕೆಲಸ ಮಾಡುತ್ತಿದ್ದ. ಹೊರಗಿನ ಮೇಜಿನಲ್ಲಿ ಹೆಂಡತಿ ಕೂತು ಬಂದವರನ್ನು ಮಾತಾಡಿಸುತ್ತಿದ್ದಳು. ನಡುವೆ ಒಂದು ಪರದೆ. ಕೆಲಸದಲ್ಲಿ ಅವನು ಗಟ್ಟಿಗ, ಹೊತ್ತಿಗೆ ಕೊಡುವುದರಲ್ಲಿ ಮಾತ್ರ ನಿಧಾನ. ಗಡಿಯಾರದವನೇ ಹೊತ್ತು ತಪ್ಪುತ್ತಿದ್ದ. ಆದರೂ ಒಬ್ಬ ಗಿರಾಕಿಯೂ ಅವನನ್ನು ಬೈದದ್ದಿಲ್ಲ. 'ಈ ಊರಿನ ಜನ ದೇವರಂಥವರು' ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಅವನಿಗೆ ಈ ಆಟದ ಹುಚ್ಚು. ಇದರಲ್ಲಿ ಚೆಂಡು ಒದೆಯುವ ಹಾಗಿಲ್ಲ. ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಹೇಳಿ ಸುಮ್ಮನೆ ಕೂರಬೇಕು. ಮಿಕ್ಕದ್ದನ್ನು ಯಂತ್ರವೇ ಆಡಿಸುತ್ತದೆ. ಅವನ ತಂಡ ಮೂರನೇ ದರ್ಜೆಯ ಬಡ ತಂಡ. ಆರು ವರ್ಷ ತಿದ್ದಿ ತಿದ್ದಿ ಅದನ್ನು ಒಂದು ಹದಕ್ಕೆ ತಂದಿದ್ದ. ಆ ವರ್ಷ ಮೊದಲ ಬಾರಿಗೆ ತಂಡ ಮೇಲಿನ ದರ್ಜೆಗೆ ಏರುವ ಹಾಗಿತ್ತು. ಏಳು ಪಂದ್ಯ ಬಾಕಿ ಇತ್ತು.

ಆಗ ಅವನ ಕಣ್ಣು ಆರನೇ ನಂಬರಿನವನ ಮೇಲೆ ಬಿತ್ತು.

ಆರನೇ ನಂಬರಿನವನು ಮೈದಾನದ ನಡುವೆ, ತನ್ನ ರಕ್ಷಕರ ಮುಂದೆ ನಿಲ್ಲುವವನು. ವಯಸ್ಸಾಗಿತ್ತು. ಆ ವರ್ಷ ಒಂದು ಗೋಲನ್ನೂ ಹೊಡೆದಿರಲಿಲ್ಲ, ಹೊಡೆಸಿರಲೂ ಇಲ್ಲ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡದ್ದೂ ಅಪರೂಪ. ವೇಗಕ್ಕೆ ಇಪ್ಪತ್ತಕ್ಕೆ ಏಳು. ಪಂದ್ಯ ಮುಗಿದ ಮೇಲೆ ಯಂತ್ರ ಅವನಿಗೆ ಕೊಡುವ ಅಂಕ ಯಾವಾಗಲೂ ಒಂದೇ, ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಗಡಿಯಾರದವನು ಅವನ ಹೆಸರನ್ನು ದಿನಾ ಪಟ್ಟಿಯಲ್ಲಿ ಓದುತ್ತಿದ್ದ. ಅವನನ್ನು ನೋಡಿದ ನೆನಪಿರಲಿಲ್ಲ. ಯಾಕೆಂದರೆ ಅವನು ಯಾವತ್ತೂ ಪಂದ್ಯವನ್ನು ಪೂರ್ತಿ ನೋಡಿದವನಲ್ಲ. ಮುಖ್ಯವಾದದ್ದು ನಡೆದಾಗ ಮಾತ್ರ ತೋರಿಸು ಎಂದು ಯಂತ್ರಕ್ಕೆ ಹೇಳಿಟ್ಟಿದ್ದ. ತೊಂಬತ್ತು ನಿಮಿಷದ ಪಂದ್ಯ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆ ಐದು ನಿಮಿಷದಲ್ಲಿ ಆರನೇ ನಂಬರಿನವನು ಇರುತ್ತಲೇ ಇರಲಿಲ್ಲ.

ಅವನನ್ನು ಮಾರಿದ. ಆ ಜಾಗಕ್ಕೆ ಕುದುರೆಯಂತೆ ಓಡುವ ಒಬ್ಬ ಹುಡುಗನನ್ನು ತಂದ.

ತಂಡ ಸೋತಿತು. ಗಡಿಯಾರದವನು ರಕ್ಷಕರನ್ನು ಮುಂದಕ್ಕೆ ತಂದ. ಮತ್ತೆ ಸೋತಿತು. ಹಿಂದಕ್ಕೆ ಎಳೆದ. ಸೋತಿತು. ಹಿಂದೆ ನಾಲ್ವರಿದ್ದ ಕಡೆ ಐವರನ್ನು ನಿಲ್ಲಿಸಿದ. ಗೋಲು ಕಾಯುವವನನ್ನು ಬೈದ. ಕೊನೆಗೆ ಅಂಗಿಯ ಬಣ್ಣವನ್ನೂ ಬದಲಿಸಿದ. ನಾಲ್ಕು ಪಂದ್ಯದಲ್ಲಿ ತಂಡ ಹದಿಮೂರು ಗೋಲು ಬಿಟ್ಟುಕೊಟ್ಟಿತು. ಎಲ್ಲ ಗೋಲುಗಳನ್ನೂ ಅವನು ತಿರುತಿರುಗಿ ನೋಡಿದ. ಪ್ರತಿ ಗೋಲಿಗೂ ಒಬ್ಬೊಬ್ಬ ತಪ್ಪಿತಸ್ಥ ಸಿಗುತ್ತಿದ್ದ. ಅವನನ್ನು ತಿದ್ದಿದರೆ ಇನ್ನೊಬ್ಬ ಹುಟ್ಟುತ್ತಿದ್ದ.

ಆಗ ಅವನಿಗೆ ತನ್ನ ಕಸುಬು ನೆನಪಾಯಿತು. ಗಡಿಯಾರ ಎಲ್ಲಿ ಕೆಟ್ಟಿದೆ ಎಂದು ತಿಳಿಯದೇ ಹೋದರೆ ಕೆಟ್ಟದ್ದನ್ನೇ ಕೆದಕುತ್ತ ಕೂರಬಾರದು. ಅದೇ ಜಾತಿಯ ಓಡುವ ಗಡಿಯಾರವೊಂದನ್ನು ಪಕ್ಕದಲ್ಲಿ ಬಿಚ್ಚಿಟ್ಟು ನೋಡಬೇಕು. ಅವನಪ್ಪ ಕಲಿಸಿದ ಪಾಠ ಅದು. ಯಂತ್ರದಲ್ಲಿ ಹಿಂದಿನ ಪಂದ್ಯಗಳು ಇದ್ದವು. ತಾನು ಗೆದ್ದ ಒಂದು ಹಳೆಯ ಪಂದ್ಯವನ್ನು ತೆಗೆದ. ಅದು ಒಂದೇ ಒಂದು ಗೋಲಿನಲ್ಲಿ ಗೆದ್ದ ಸಪ್ಪೆ ಪಂದ್ಯ. ಮೊದಲ ನಿಮಿಷದಿಂದ ಕೊನೆಯವರೆಗೆ ನೋಡುತ್ತ ಕೂತ.

ಅರ್ಧ ಗಂಟೆ ಏನೂ ಕಾಣಲಿಲ್ಲ. ಆಮೇಲೆ ಕಂಡಿತು.

ಎದುರಾಳಿಯ ಹತ್ತಿರ ಚೆಂಡು ಬರುತ್ತಿತ್ತು. ಅವನು ತಲೆ ಎತ್ತುತ್ತಿದ್ದ. ಮುಂದಿರುವ ತನ್ನವನಿಗೆ ಕೊಡಬೇಕು, ಕೊಟ್ಟರೆ ಗೋಲು. ಆ ದಾರಿಯಲ್ಲಿ ಆರನೇ ನಂಬರಿನವನು ನಿಂತಿರುತ್ತಿದ್ದ. ಓಡುತ್ತಿರಲಿಲ್ಲ, ಬೀಳುತ್ತಿರಲಿಲ್ಲ, ಯಾರ ಅಂಗಿಯನ್ನೂ ಎಳೆಯುತ್ತಿರಲಿಲ್ಲ. ಎರಡು ಹೆಜ್ಜೆ ಎಡಕ್ಕೆ ಬರುತ್ತಿದ್ದ, ಅಥವಾ ಎರಡು ಹೆಜ್ಜೆ ಬಲಕ್ಕೆ. ಎದುರಾಳಿ ನೋಡಿ, ಬೇಡವೆಂದು ಚೆಂಡನ್ನು ಹಿಂದಕ್ಕೆ ಕೊಟ್ಟುಬಿಡುತ್ತಿದ್ದ. ಗಡಿಯಾರದವನು ಎಣಿಸಿದ. ಒಂದು ಪಂದ್ಯದಲ್ಲಿ ನಲವತ್ತೊಂದು ಸಲ. ನಲವತ್ತೊಂದು ಸಲವೂ ಏನೂ ಆಗಲಿಲ್ಲ. ಬಾರದೇ ಹೋದ ಚೆಂಡನ್ನು ಬರೆದಿಡಲು ಆ ಯಂತ್ರದಲ್ಲಿ ಜಾಗವೇ ಇರಲಿಲ್ಲ.

ಗಡಿಯಾರದವನು ಹಣೆ ಚಚ್ಚಿಕೊಂಡ. ಊರಿಗೆಲ್ಲ ಗೊತ್ತಿಲ್ಲದಿದ್ದರೂ ತನಗೆ ಗೊತ್ತಿರಬೇಕಿತ್ತು. ಗಡಿಯಾರದೊಳಗೆ ಚಕ್ರವನ್ನು ಓಡಿಸುವುದು ಸುರುಳಿ. ಆದರೆ ಪುಟ್ಟದೊಂದು ಕೊಕ್ಕೆ ಇದೆ. ಅದರ ಕೆಲಸ ಚಕ್ರವನ್ನು ಹಲ್ಲು ಹಲ್ಲಿಗೆ ತಡೆಯುವುದಷ್ಟೇ. ಅದನ್ನು ತೆಗೆದರೆ ಸುರುಳಿಯಲ್ಲಿದ್ದ ಇಡೀ ದಿನ ಒಂದೇ ಉಸಿರಿಗೆ ಗಿರ್ರನೆ ಬಿಚ್ಚಿಹೋಗುತ್ತದೆ. ಮೂವತ್ತು ವರ್ಷದಿಂದ ಆ ಕೊಕ್ಕೆಯನ್ನು ಒರೆಸಿ ಒರೆಸಿ ಕೂರಿಸುತ್ತಿದ್ದವನು ಅವನೇ.

ಆರನೇ ನಂಬರಿನವನನ್ನು ಮಾರುವ ಮುಂಚಿನ ದಿನ ಅವನು ಆಟವನ್ನು ಇದ್ದ ಹಾಗೇ ಯಂತ್ರದಲ್ಲಿ ಉಳಿಸಿಟ್ಟಿದ್ದ. ನಾಲ್ಕು ಸೋಲನ್ನೂ ಅಳಿಸಿ ಆ ದಿನಕ್ಕೆ ಹಿಂದಿರುಗಿದ. ಮುದುಕ ತನ್ನ ಜಾಗದಲ್ಲಿ ನಿಂತಿದ್ದ, ಏನೂ ಆಗಿಲ್ಲವೆಂಬಂತೆ. ಅವನ ಪಾಲಿಗೆ ಏನೂ ಆಗಿರಲೂ ಇಲ್ಲ. ಆ ವರ್ಷ ತಂಡ ಎರಡನೆಯದಾಯಿತು. ಮೇಲೇರಲು ಅಷ್ಟು ಸಾಕಿತ್ತು.

ಮೇಲೇರಿದ ದಿನ ಗಡಿಯಾರದವನಿಗೆ ಅವನ ಉಪಕಾರ ನೆನೆಯಬೇಕು ಅನ್ನಿಸಿತು. ಯಂತ್ರದೊಳಗಿನವನಿಗೆ ಹೇಳುವುದು ಹೇಗೆ? ಹುಡುಕಿದ. ಆಟಗಾರನನ್ನು ಶ್ಲಾಘಿಸು ಎಂಬ ಒಂದು ಗುಂಡಿ ಇತ್ತು. ಆರು ವರ್ಷದಲ್ಲಿ ಅದನ್ನು ಮುಟ್ಟಿರಲಿಲ್ಲ. ಒತ್ತಿದ. 'ನನ್ನ ಕೆಲಸ ನಾನು ಮಾಡಿದೆ, ಅಷ್ಟೇ' ಎಂಬ ಉತ್ತರ ಬಂತು. ಯಂತ್ರ ಎಲ್ಲರ ಬಾಯಲ್ಲೂ ಅದನ್ನೇ ಹೇಳಿಸುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಕನ್ನಡಕ ತೆಗೆದು ಒರೆಸಿಕೊಂಡ.

ಅಷ್ಟರಲ್ಲಿ ಪರದೆಯ ಆಚೆ ಗಲಾಟೆ ಕೇಳಿಸಿತು. ಎಂದೂ ಕಿವಿಗೊಡದವನು ಅವತ್ತು ಎದ್ದು ಹೋಗಿ ಪರದೆಯ ಸಂದಿಯಲ್ಲಿ ನಿಂತ. ಒಬ್ಬ ಗಿರಾಕಿ ಮೇಜು ಗುದ್ದುತ್ತಿದ್ದ.

'ಮೂರು ವಾರ ಆಯ್ತು! ನಮ್ಮ ಗೋಡೆ ಗಡಿಯಾರ ಇಲ್ಲೇನು ಮೊಟ್ಟೆಗೆ ಕೂತಿದೆಯಾ? ಕರೀರಿ ನಿಮ್ಮ ಯಜಮಾನರನ್ನ!'

'ಕರೀತೀನಿ ಅಣ್ಣಾ. ಮೊದಲು ನೀರು ಕುಡೀರಿ. ನಿಮ್ಮ ತಂದೆ ಕಾಲದ್ದಲ್ವಾ ಅದು? ಹಾಗೇ ಅಂದ್ಕೊಂಡೆ. ಈಗಿನ ಕಾಲದ್ದಾಗಿದ್ರೆ ಒಂದೇ ದಿನಕ್ಕೆ ಕೊಡ್ತಿದ್ರು. ಹಳೇ ಒಳ್ಳೇ ಮಾಲು ನೋಡಿ, ಅವಸರದಲ್ಲಿ ಕೈ ಹಾಕೋಕೆ ಅವರಿಗೆ ಮನಸ್ಸು ಬರಲ್ಲ.'

ಗಿರಾಕಿ ನೀರು ಕುಡಿದ. ತನ್ನ ತಂದೆಯ ವಿಷಯ ಎರಡು ಮಾತು ಹೇಳಿದ. ನಿಧಾನವಾಗಿಯೇ ಮಾಡಲಿ ಎಂದು ಹೇಳಿ ಹೊರಟ. ಪರದೆಯ ಈಚೆಗೆ ಏನೂ ಬರಲಿಲ್ಲ. ಗಡಿಯಾರದವನು ಮೊದಲಿನಿಂದ ಕೊನೆಯವರೆಗೆ ನೋಡಿದ. ಊರಿನ ಜನ ಯಾಕೆ ದೇವರಂಥವರು ಎಂದು ಆಗ ತಿಳಿಯಿತು.

ಹೊರಗೆ ಬಂದು, 'ನಿನ್ನಿಂದ ನನಗೆ ಬಹಳ ಉಪಕಾರವಾಗಿದೆ' ಎಂದ.

ಹೆಂಡತಿ ಅವನ ಮುಖ ನೋಡಿದಳು. 'ಯಾಕೆ, ಮತ್ತೆ ಸೋತಿರಾ?'

ಗುರುಗಳು ನಕ್ಕರು. ಚನ್ನವೀರನೂ ನಕ್ಕ, ಸ್ವಲ್ಪ ತಡವಾಗಿ.

"ಗಡಿಯಾರದವನು ಆಟ ಬಿಡಲಿಲ್ಲ" ಎಂದರು ಗುರುಗಳು. "ತಿದ್ದುವುದನ್ನೂ ಬಿಡಲಿಲ್ಲ. ತಿದ್ದಬೇಕಪ್ಪಾ, ತಪ್ಪಲ್ಲ ಅದು. ಆದರೆ ತಿದ್ದುವ ಮೊದಲು, ಚೆನ್ನಾಗಿ ನಡೆದ ಒಂದು ಪಂದ್ಯವನ್ನು ಪೂರ್ತಿ ನೋಡುತ್ತಿದ್ದ. ಯಾರು ಯಾರಿಗೆ ಋಣಿ ಎಂದು ತಿಳಿದುಕೊಂಡ ಮೇಲೆ ಕೈ ಹಾಕುತ್ತಿದ್ದ."

ಊಟದ ಗಂಟೆ ಬಾರಿಸಿತು. ಮಕ್ಕಳು ಸಾಲೆಯತ್ತ ಓಡಿದರು. ಅಡುಗೆಮನೆಯಿಂದ ಬಕೀಟಿನ ಸದ್ದು ಹೊರಟಿತು. ಎರಡೂ ಸದ್ದು ಸೇರುವ ಕಡೆಯಿಂದ ಒಂದು ದನಿ ಕೇಳಿಸಿತು.

"ನಿಲ್ಲು ಮರೀ, ಬಿಸಿ ಬರ್ತಿದೆ... ಹಾಂ, ನೀನು ಬಾರಪ್ಪಾ ಸಾರಿನವನೇ... ಈಗ ಹೋಗಿ ಮಕ್ಕಳೇ, ಹೋಗಿ, ಹೋಗಿ."

ಮೂರು ವರ್ಷದಿಂದ ದಿನಾ ಎರಡು ಹೊತ್ತು ಚನ್ನವೀರನ ಕಿವಿಗೆ ಬಿದ್ದಿದ್ದ ದನಿ ಅದು. ಗೋಡೆ ಗಡಿಯಾರದ ಟಿಕ್ ಟಿಕ್ ಬೀಳುವ ಹಾಗೆ ಬಿದ್ದಿತ್ತು. ಇವತ್ತು ಅವನು ಕೂತಲ್ಲೇ ಕೂತು ಪಂಕ್ತಿ ಮುಗಿಯುವವರೆಗೆ ಕೇಳಿದ. ಪಂಕ್ತಿಯ ದಿಕ್ಕನ್ನು ತಾನು ನಾಲ್ಕು ಸಲ ಬದಲಿಸಿದ್ದು ನೆನಪಾಯಿತು. ನಾಲ್ಕು ಸಲವೂ ಸಾರು ಚೆಲ್ಲಿರಲಿಲ್ಲ. ಅದು ತನ್ನ ಜಾಣತನವೆಂದು ಅವನು ತಿಳಿದಿದ್ದ. ಆ ಮುದುಕ ಒಂದು ಮಾತೂ ಎದುರಾಡದೆ, ನಾಲ್ಕು ಸಲವೂ ಎರಡು ಹೆಜ್ಜೆ ಅತ್ತ ಇತ್ತ ಸರಿದು ನಿಂತಿರಬೇಕು. ಇದುವರೆಗೆ ತಾನು ಆ ಮನುಷ್ಯನಿಗೆ 'ಊಟ ಆಯ್ತಾ' ಎಂದೂ ಕೇಳಿರಲಿಲ್ಲ.

ಅವನು ಹಾಳೆಯನ್ನು ಕೈಗೆ ತೆಗೆದುಕೊಂಡ. ಮಡಿಸಿದ. ಮತ್ತೊಮ್ಮೆ ಮಡಿಸಿದ. ಆದರೂ ಓದಿದವನ ಮನಸ್ಸು, ಒಂದು ಕೊನೆಯ ಪ್ರಶ್ನೆ ಉಳಿದಿತ್ತು.

"ಬುದ್ಧಿ, ಆ ಗಡಿಯಾರದವನಿಗೆ ತಪ್ಪು ಮಾಡಿದ ಮೇಲೂ ಹಿಂದಿನ ದಿನಕ್ಕೆ ಹೋಗಲು ಆಯಿತಲ್ಲ?"

ಗುರುಗಳು ಸುಲಿದ ಕಾಳನ್ನು ಅವನ ಬೊಗಸೆಗೆ ಸುರಿದರು.

"ಅದಕ್ಕೇ ತಮ್ಮಾ, ಅದನ್ನು ಆಟ ಅನ್ನುತ್ತಾರೆ."